ವಿಟಮಿನ್ ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ

ಮಾನ್ಯ ಸಂಪಾದಕರೇ,

‘ವಿಟಮಿನ್ ಎ ತಿಂದರೆ ಬ್ಲಡ್ ಕ್ಯಾನ್ಸರ್ ವಾಸಿ’ ಅನ್ನೋ ವಾಟ್ಸಾಪ್ ಸಂದೇಶ ನಮ್ಮ ಚಿಂತಾಮಣಿಯಲ್ಲಿ ಓಡಾಡುತ್ತಿದೆ. ನನ್ನ ಮೆಡಿಕಲ್ ಸ್ಟೋರ್‌ಗೂ ಫೋನ್ ಹಿಡಿದುಕೊಂಡು ಬಂದು ಮಾತ್ರೆ ಕೇಳುತ್ತಾರೆ. ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ನಕ್ಕು ಕಳಿಸಬಹುದಿತ್ತು. ಕಾಲು ಭಾಗ ನಿಜ ಇದೆ, ತೊಂದರೆಯೇ ಅದು.

ಬ್ಲಡ್ ಕ್ಯಾನ್ಸರ್‌ನಲ್ಲಿ ಹಲವು ಬಗೆ. ಎಪಿಎಲ್ (ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೀಮಿಯಾ) ಎಂಬ ಒಂದರಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ (ಜೀನ್‌ಗಳನ್ನು ಹೊತ್ತ ಎಳೆಗಳ) ತುಂಡುಗಳು ಅದಲು ಬದಲಾಗಿರುತ್ತವೆ. ಇದರಿಂದ ಬಿಳಿ ರಕ್ತಕಣಗಳು ಬಲಿಯುವುದೇ ಇಲ್ಲ. ಎಳಸಾಗಿಯೇ ಉಳಿದು ಮೂಳೆಯ ಮಜ್ಜೆಯಲ್ಲಿ ತುಂಬಿಕೊಳ್ಳುತ್ತವೆ. ವಿಟಮಿನ್ ಎ ಬಳಗಕ್ಕೆ ಸೇರಿದ ಆಟ್ರಾ ಎಂಬ ಔಷಧಿ ಆ ತಡೆ ತೆಗೆಯುತ್ತದೆ. ಕಣಗಳು ಬಲಿಯುತ್ತವೆ, ಆಯಸ್ಸು ಮುಗಿದಾಗ ತಾವೇ ಸಾಯುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದಕ್ಕಿಂತ ಚೆಂದದ ಉಪಾಯ ನಾನು ಕೇಳಿಲ್ಲ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ಅವರ ತಂಡ 1988ರಲ್ಲಿ ಆಟ್ರಾ ಪಡೆದ 24 ರೋಗಿಗಳ ವಿವರ ಪ್ರಕಟಿಸಿತು. ಅಷ್ಟೂ ಜನರಲ್ಲಿ ರೋಗ ಹತೋಟಿಗೆ ಬಂದಿತ್ತು. ಈಗ ಆಟ್ರಾ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಎಂಬ ಔಷಧಿ ಕೂಡ ಕೊಡುತ್ತಾರೆ, ಹೆಚ್ಚಿನವರು ಗುಣವಾಗುತ್ತಾರೆ.

ಆದರೆ ನಾನು ಮಾರುವ ವಿಟಮಿನ್ ಎ ಆ ಕೆಲಸ ಮಾಡುವುದಿಲ್ಲ. ಜಾಸ್ತಿ ನುಂಗಿದರೆ ಲಿವರ್ ಕೆಡುತ್ತದೆ, ಗರ್ಭಿಣಿಯಾದರೆ ಮಗುವಿಗೇ ಅಪಾಯ. ಆಟ್ರಾ ಕೊಟ್ಟಾಗಲೂ ಕೆಲವರಿಗೆ ಜ್ವರ, ಉಸಿರಾಟದ ತೊಂದರೆ ಬರುವುದುಂಟು, ಡಾಕ್ಟರು ಕಣ್ಣಿಟ್ಟಿರಬೇಕು. ವಿಟಮಿನ್ ಡಿ ಕತೆಯೂ ಇಷ್ಟೇ. ಅದರ ಸಕ್ರಿಯ ರೂಪ ಇಲಿಯ ಕ್ಯಾನ್ಸರ್ ಕಣಗಳನ್ನು ಬಲಿಯುವಂತೆ ಮಾಡುತ್ತದೆ ಎಂದು ಜಪಾನಿನವರು 1981ರಲ್ಲೇ ತೋರಿಸಿದರು. ಆದರೆ ಮನುಷ್ಯರಿಗೆ ಆ ಪರಿಣಾಮ ಬರುವಷ್ಟು ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿಬಿಡುತ್ತದೆ. (ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ವಿಟಮಿನ್ ಎ ದ್ರಾವಣ ಬೇರೆ ವಿಷಯ, ಅದನ್ನು ತಪ್ಪಿಸಬೇಡಿ. ಕ್ಯಾರೆಟ್ ಜ್ಯೂಸೂ ಕುಡಿಯಲಿ, ನಮ್ಮ ರೈತರಿಗೆ ನಾಲ್ಕು ಕಾಸು ಸಿಗುತ್ತೆ.)

ನನ್ನ ಭಯ ಬೇರೆ. ಎಪಿಎಲ್‌ನಲ್ಲಿ ಮೊದಲ ದಿನಗಳೇ ಗಂಡಾಂತರದವು, ರಕ್ತಸ್ರಾವದಿಂದ ಜೀವ ಹೋಗಬಹುದು. ಅದಕ್ಕೇ ಅನುಮಾನ ಬಂದ ಕೂಡಲೇ, ಜೀನ್ ಪರೀಕ್ಷೆಯ ರಿಪೋರ್ಟಿಗೂ ಕಾಯದೆ ಆಟ್ರಾ ಶುರು ಮಾಡುತ್ತಾರೆ. ಮನೆಯಲ್ಲಿ ಮಾತ್ರೆ ನುಂಗುತ್ತಾ ವಾರ ಕಳೆದರೆ ಗತಿಯೇನು? ವಸಡಿನಲ್ಲಿ ರಕ್ತ, ಪೆಟ್ಟಾಗದೆಯೂ ಮೈಮೇಲೆ ನೀಲಿ ಕಲೆ, ವಿಪರೀತ ಸುಸ್ತು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ದಯವಿಟ್ಟು ನಿಮ್ಮ ಆರೋಗ್ಯ ಪುಟದಲ್ಲಿ ರಕ್ತರೋಗ ತಜ್ಞರಿಂದ ಒಂದು ಲೇಖನ ಬರೆಸಿ. ಈ ಲಕ್ಷಣಗಳನ್ನು ದಪ್ಪಕ್ಷರದಲ್ಲಿ ಹಾಕಿ. ಕತ್ತರಿಸಿ ನನ್ನ ಕೌಂಟರ್ ಗಾಜಿಗೆ ಅಂಟಿಸುತ್ತೇನೆ.

— ಔಷಧಿ ಅಂಗಡಿಯವರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ