ಮೇಲ್ ಗೇಟ್‌ವೇಯಲ್ಲಿ ಸೆಂಡರ್ ವೆರಿಫಿಕೇಶನ್ ಫೇಲ್ ಆದರೆ

ಸಪೋರ್ಟ್ ತಂಡದ ಎಲ್ಲರ ಗಮನಕ್ಕೆ,

ಒಳಬರೋ ಮೇಲ್‌ಗಳನ್ನ ತಪಾಸಣೆ ಮಾಡೋ ಸರ್ವರ್ ಅಂದರೆ ಮೇಲ್ ಗೇಟ್‌ವೇ, ಕಳಿಸಿದವರು ಅಸಲಿಯೇ ಅಂತ ನೋಡೋದು ಸೆಂಡರ್ ವೆರಿಫಿಕೇಶನ್. ವೆಂಡರ್ ಮೇಲ್ ಬರ್ತಿಲ್ಲ ಅಂತ ಟಿಕೆಟ್ ಬಂದ ಕೂಡಲೇ ಆ ಡೊಮೇನನ್ನ ವೈಟ್‌ಲಿಸ್ಟ್‌ಗೆ (ತಪಾಸಣೆಯಿಲ್ಲದೆ ಒಳಬಿಡೋ ಪಟ್ಟಿಗೆ) ಹಾಕಬೇಡಿ. ಅದೇ ಹೆಸರಲ್ಲಿ ಬರೋ ನಕಲಿ ಮೇಲೂ ಒಳಗೆ ಬರುತ್ತೆ.

ಮೊದಲು ಗೇಟ್‌ವೇ ಲಾಗ್‌ನಲ್ಲಿ ಕೋಡ್ ನೋಡಿ. 4ರಿಂದ ಶುರುವಾಗಿದ್ದರೆ ತಾತ್ಕಾಲಿಕ ತೊಂದರೆ. ಎಷ್ಟೋ ಸಲ ಡಿಎನ್‌ಎಸ್ (ಡೊಮೇನ್ ಹೆಸರುಗಳ ವಿವರ ಕೊಡೋ ವ್ಯವಸ್ಥೆ) ಉತ್ತರ ಸಿಕ್ಕಿರಲ್ಲ. ಒಟ್ಟಿಗೆ ಹಲವು ಡೊಮೇನ್‌ಗಳಿಗೆ ಹೀಗಾದರೆ ನಮ್ಮ ಡಿಎನ್‌ಎಸ್ ಸರ್ವರ್ ಮೇಲೇ ಅನುಮಾನಪಡಿ. 5 ಇದ್ದರೆ ಖಾಯಂ ನಿರಾಕರಣೆ.

ಎಸ್‌ಪಿಎಫ್ (ಡೊಮೇನ್ ಪರವಾಗಿ ಮೇಲ್ ಕಳಿಸೋಕೆ ಆ ಸರ್ವರ್‌ಗೆ ಅನುಮತಿ ಇದೆಯಾ ಅನ್ನೋ ತಪಾಸಣೆ) ನೋಡೋದು ಔಟ್‌ಲುಕ್‌ನಲ್ಲಿ ಕಾಣೋ ಫ್ರಮ್ ವಿಳಾಸವನ್ನಲ್ಲ, ಎನ್ವಲಪ್ ವಿಳಾಸವನ್ನ (ಸರ್ವರ್‌ಗಳು ತಮ್ಮೊಳಗೆ ಬಳಸೋ ಕಳಿಸಿದವರ ವಿಳಾಸ). ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸೋ ಮೇಲ್‌ಗಳಲ್ಲಿ ಇವೆರಡರ ಡೊಮೇನ್ ಬೇರೆ ಬೇರೆ ಇರಬಹುದು. ಆಗ ಎಸ್‌ಪಿಎಫ್ ಪಾಸ್ ಆದರೂ, ವೆಂಡರ್ ಡೊಮೇನಿನದೇ ಡಿಕಿಮ್ (ಮೇಲ್‌ಗೆ ಹಾಕೋ ಡಿಜಿಟಲ್) ಸಹಿ ಇಲ್ಲದಿದ್ದರೆ ಡಿಮಾರ್ಕ್ (ಎಸ್‌ಪಿಎಫ್ ಅಥವಾ ಡಿಕಿಮ್ ಕಾಣೋ ಫ್ರಮ್ ಡೊಮೇನಿಗೆ ಹೊಂದುತ್ತಾ ಅನ್ನೋ ಪರೀಕ್ಷೆ) ಫೇಲ್! ಇನ್ನು ಎಸ್‌ಪಿಎಫ್ ದಾಖಲೆಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟಿದರೆ ಪರ್ಮ್‌ಎರರ್ (ಖಾಯಂ ದೋಷ) ಬರುತ್ತೆ. ಅದನ್ನ ವೆಂಡರ್ರೇ ಸರಿಮಾಡಬೇಕು. ಫಾರ್ವರ್ಡ್ ಆದ ಮೇಲ್‌ಗೆ ಎಸ್‌ಪಿಎಫ್ ಫೇಲ್ ಆಗೋದು ಮಾಮೂಲು, ಡಿಕಿಮ್ ನೋಡಿ. ದಾರಿಯಲ್ಲಿ ಯಾರಾದರೂ ಫುಟರ್ ಅಂಟಿಸಿದ್ದರೆ ಅದೂ ಕೈಕೊಡುತ್ತೆ.

ಟಿಕೆಟ್‌ಗೆ ಪೂರ್ತಿ ಹೆಡರ್ (ಮೇಲ್ ಬಂದ ದಾರಿಯ ವಿವರ ಇರೋ ಭಾಗ) ಹಾಕಿ. ಮೇಲ್ ಒಳಗೇ ಬಂದಿಲ್ಲವಾದರೆ ವೆಂಡರ್‌ಗೆ ವಾಪಸ್ ಹೋದ ಬೌನ್ಸ್ ಮೇಲ್ ತರಿಸಿಕೊಳ್ಳಿ. ಫೋನಲ್ಲಿ ತೆಗೆದ ಸ್ಕ್ರೀನ್ ಫೋಟೊ ಬೇಡ ಮಾರಾಯ್ರೆ, ಅದರಲ್ಲಿ ಏನೂ ಕಾಣಲ್ಲ.