ಸೀನನಿಗೊಂದು ಪತ್ರ: ನನ್ನ ಬೆನ್ನು, ನನ್ನ ಉಸಿರು

ಲೋ ಸೀನ,

ಪ್ರತಿ ಸಲವೂ ನೀನು ಬೆನ್ನಿನ ವಿಷಯ ಬೇರೆ, ಉಸಿರಿನ ವಿಷಯ ಬೇರೆ ಅಂತ ಕೇಳುತ್ತೀಯ. ನಾನೂ ಹಾಗೇ ಬಿಡಿಬಿಡಿಯಾಗಿ ಉತ್ತರ ಕೊಡುತ್ತಾ ಬಂದೆ. ಸಿಒಪಿಡಿಗೆ (ಉಸಿರಿನ ದಾರಿ ಕಿರಿದಾಗಿ ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ) ಒಬ್ಬರು ಡಾಕ್ಟರು, ಸೊಂಟಕ್ಕೆ ಇನ್ನೊಬ್ಬರು, ಎರಡು ಫೈಲು. ಎರಡೂ ಒಂದೇ ಕಥೆ ಅಂತ ಈಚೆಗೆ ಗೊತ್ತಾಯಿತು ಕಣೋ. ಈ ಎರಡನ್ನೂ ಒಟ್ಟಿಗೆ ಹೊತ್ತು ತಿರುಗುವವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಮಾತು ಬಂದರೆ ಅವರು ದಾಟಿಕೊಂಡು ಹೋಗಲಿ.

ಫಿಸಿಯೋಥೆರಪಿ ಮಾಡುವವರೊಬ್ಬರು ಬೆನ್ನು ಒತ್ತಿ ನೋಡುವ ಮೊದಲು ನಾನು ಉಸಿರಾಡುವುದನ್ನು ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ವಪೆಯ ಚಿತ್ರ ತೋರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಹರಡಿಕೊಂಡಿರುವ ಆ ಸ್ನಾಯು ಹಿಂಬದಿಯಲ್ಲಿ ಬುಡ ಊರಿರುವುದು ಎಲ್ಲಿ ಗೊತ್ತಾ? ಸೊಂಟದ ಭಾಗದ ಬೆನ್ನುಮೂಳೆಯ ಮೇಲಿನ ಮಣಿಗಳಿಗೆ! ಉಸಿರೆಳೆಯುವುದೂ ಅದೇ, ಕೈಯೆತ್ತಿದಾಗ ಹೊಟ್ಟೆಯೊಳಗೆ ಒತ್ತಡ ಕೊಟ್ಟು ಬೆನ್ನನ್ನು ಸ್ಥಿರವಾಗಿ ಹಿಡಿಯಲು ನೆರವಾಗುವುದೂ ಅದೇ. ಒಬ್ಬನೇ ಆಳು, ಎರಡು ಮನೆಯ ಚಾಕರಿ. ಉಸಿರಿನ ಬೇಡಿಕೆ ಏರಿದಾಗ ವಪೆ ಬೆನ್ನಿನ ಕೆಲಸದಲ್ಲಿ ಹಿಂದೆ ಬೀಳುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2001ರಲ್ಲೇ ತೋರಿಸಿದ್ದಾರೆ, ಅದೂ ಆರೋಗ್ಯವಂತರಲ್ಲಿ.

ನಮ್ಮಂಥವರಲ್ಲಿ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಶ್ವಾಸಕೋಶ ಉಬ್ಬಿಕೊಂಡೇ ಇರುತ್ತದೆ, ಮೇಲಕ್ಕೆ ಬಾಗಿರಬೇಕಾದ ವಪೆ ಚಪ್ಪಟೆಯಾಗುತ್ತದೆ. ಆಗ ಕುತ್ತಿಗೆ, ಹೆಗಲು, ಪಕ್ಕೆಲುಬಿನ ಸ್ನಾಯುಗಳೆಲ್ಲ ಉಸಿರಿನ ದುಡಿಮೆಗೆ ಇಳಿಯಬೇಕು. ಮೆಟ್ಟಿಲು ಹತ್ತಿದ ಮೇಲೆ ನಾನು ಮಂಡಿಗೆ ಕೈಯೂರಿ ಮುಂದಕ್ಕೆ ಬಾಗಿ ಕೂರುತ್ತೇನಲ್ಲ, ಅದರಿಂದ ಉಸಿರಿಗೆ ಸುಖ. ಆದರೆ ಹಾಗೇ ಬಾಗಿ ಕೂತು ಕೂತು ಬೆನ್ನು ಬಿಗಿದುಕೊಳ್ಳುತ್ತದೆ.

ಸ್ಟಿರಾಯ್ಡ್ ಮಾತ್ರೆಯ ವಿಷಯ ಇನ್ನೊಂದು. ಉಬ್ಬಸ ಕೆರಳಿದಾಗ ಜೀವ ಉಳಿಸುವ ಮದ್ದು ಅದು, ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಆದರೆ ಅದು ತಿಂಗಳುಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ. ಆ ಸವೆತ ಹೆಚ್ಚು ವೇಗವಾಗಿ ಆಗುವುದು ಮೊದಲ ಕೆಲವು ತಿಂಗಳಲ್ಲೇ. ಹಾಗೆ ಸವೆದ ಬೆನ್ನಿನ ಮಣಿ ಒಂದು ಜೋರು ಕೆಮ್ಮಿಗೂ ಕುಸಿಯಬಹುದು. ಎದೆಯ ಹಿಂಭಾಗದ ಮಣಿ ಕುಸಿದರೆ ಬೆನ್ನು ಗೂನಾಗಿ, ಉಸಿರಿಗೆ ಇರುವ ಜಾಗವೂ ಕುಗ್ಗುತ್ತದೆ. ಅದಕ್ಕೇ, ಮಾತ್ರೆ ಬಹಳ ಕಾಲದಿಂದ ನಡೆಯುತ್ತಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಬೇಕೇ ಅಂತ ಬಾಯಿಬಿಟ್ಟು ಕೇಳಿ. ಅದರಲ್ಲಿ ಸಿಗುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) −2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಬೆನ್ನುನೋವಿಗೆ ಮಾತ್ರೆ ಬರೆಸಿಕೊಳ್ಳುವಾಗಲೂ ಶ್ವಾಸಕೋಶದ ಸಂಗತಿ ಮೊದಲು ಹೇಳಿ. ಮಾರ್ಫಿನ್ ಜಾತಿಯ ನೋವುನಿವಾರಕಗಳೂ ಕೆಲವು ನಿದ್ದೆ ಮಾತ್ರೆಗಳೂ ಉಸಿರನ್ನು ಮಂದ ಮಾಡಬಲ್ಲವು.

ಇಷ್ಟು ಬರೆದು ನಿಲ್ಲಿಸೋಣ ಅಂತಿದ್ದೆ ಸೀನ. ಆಗುತ್ತಿಲ್ಲ.

ರಾತ್ರಿ ಚಪ್ಪಟೆ ಮಲಗಿದರೆ ಬೆನ್ನಿಗೆ ಹಿತ, ಉಸಿರು ಕಟ್ಟುತ್ತದೆ. ದಿಂಬು ಪೇರಿಸಿ ಒರಗಿದರೆ ಉಸಿರು ಬರುತ್ತದೆ, ಸೊಂಟ ಕಿತ್ತುಹೋಗುತ್ತದೆ. ಫೋನಿನಲ್ಲಿ ನಿನ್ನ ಹೆಸರು ಕಂಡರೆ ಖುಷಿಯಾಗುತ್ತದೆ, ಅದರ ಹಿಂದೆಯೇ ಹೆದರಿಕೆ, ಯಾಕೆಂದರೆ ನೀನು ನಗಿಸುತ್ತೀಯ. ನಕ್ಕರೆ ಕೆಮ್ಮು, ಕೆಮ್ಮಿದರೆ ಬೆನ್ನು ಹಿಡಿಯುತ್ತದೆ, ನೋವಿಗೆ ಉಸಿರು ಬಿಗಿಹಿಡಿದರೆ ಏದುಸಿರು, ಆಮೇಲೆ ಗಾಬರಿ. ನಗುವುದಕ್ಕೆ ಹೆದರುವ ಕಾಲ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ ಕಣೋ.

ನಿದ್ದೆಗೂ ಹೆದರುತ್ತೇನೆ. ನಾನು ಮಲಗಿಬಿಟ್ಟರೆ ಉಸಿರನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನಿಸುತ್ತದೆ. ಕತ್ತಲಲ್ಲಿ ಒಂದೊಂದನ್ನೇ ಎಣಿಸುತ್ತಾ ಇರುತ್ತೇನೆ. ಪಕ್ಕದಲ್ಲಿ ಇವಳು ಗಾಢ ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ. ಇಲ್ಲವಂತೆ. ಅವಳೂ ನನ್ನ ಉಸಿರನ್ನೇ ಎಣಿಸುತ್ತಿರುತ್ತಾಳಂತೆ. ಅದು ಗೊತ್ತಾದ ದಿನ ನನ್ನ ನೋವಿಗಿಂತ ಅವಳ ನಿದ್ದೆಗೆಟ್ಟ ಮುಖವೇ ಹೆಚ್ಚು ಕಾಡಿತು.

ಇದನ್ನು ನಿನ್ನ ಕಿವಿಯಲ್ಲಿ ಮಾತ್ರ ಹೇಳಬೇಕಿತ್ತೇನೋ. ಬರೆದಾಯಿತು, ಇರಲಿ.

ಈಗ ಸ್ವಲ್ಪ ಹಗುರವಾಗಿದ್ದೇನೆ, ನಿಜವಾಗಿ. ಶ್ವಾಸಕೋಶದ ಪುನಶ್ಚೇತನ ಅಂತ ಒಂದು ತರಬೇತಿ ಇದೆ, ಸಾಮಾನ್ಯವಾಗಿ 6ರಿಂದ 12 ವಾರ. ಅದಕ್ಕೆ ಸೇರಿದ್ದೇನೆ. ನಡಿಗೆ, ತೊಡೆಗೆ ಬಲ ಬರುವ ವ್ಯಾಯಾಮ, ತುಟಿ ಮುದುಡಿ ನಿಧಾನವಾಗಿ ಉಸಿರು ಬಿಡುವುದು. ಏನಾದರೂ ಎತ್ತುವಾಗ, ಬಗ್ಗುವಾಗ ಉಸಿರು ಹಿಡಿಯಬೇಡಿ, ಹೊರಬಿಡುತ್ತಾ ಮಾಡಿ ಅನ್ನುತ್ತಾರೆ. ಇಷ್ಟೇ ಸಣ್ಣ ಬದಲಾವಣೆಯಿಂದ ಚಪ್ಪಲಿ ಹಾಕಿಕೊಳ್ಳುವುದು ಸಲೀಸಾಯಿತು ಮಾರಾಯ! ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಅಪ್ಪಿಕೊಂಡು ಕೆಮ್ಮುತ್ತೇನೆ, ಬೆನ್ನಿಗೆ ಬೀಳುವ ಏಟು ಅಷ್ಟರಮಟ್ಟಿಗೆ ಕಡಿಮೆ.

ನೀನು ಬಂದಾಗ ಒಟ್ಟಿಗೆ ನಡೆಯೋಣ. ನಡೆಯುವಾಗ ಮಾತು ನಿನ್ನದು, ತಲೆಯಾಡಿಸುವುದು ನನ್ನದು. ಆ ಕೊಡೆ ಮೇಷ್ಟ್ರು ಮತ್ತು ಮೂರನೇ ಬೆಂಚಿನ ಕಥೆ ಮಾತ್ರ ದಾರಿಯಲ್ಲಿ ತೆಗೆಯಬೇಡ. ಮನೆಗೆ ಬಂದು, ನನ್ನ ಕೈಗೆ ದಿಂಬು ಕೊಟ್ಟು, ಆಮೇಲೆ ಶುರುಮಾಡು. ಪೂರ್ತಿ ಹೇಳಬೇಕು, ಕೊಡೆ ತೆರೆಯುವ ಭಾಗ ಬಿಡಬಾರದು.

ನಿನ್ನ,
ಮೂರನೇ ಬೆಂಚು