ಕೂರ್ಬೆಗೆ ಹದಿನೈದು ನಿಮಿಷ, ಸಾಹೇಬ್ರಿಗೆ ಮುಕ್ಕಾಲು ಗಂಟೆ

ಸಂಪಾದಕರೇ,

ಮೊನ್ನೆ ಆ ಹಾಲ್‌ನಲ್ಲಿ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆ ಬಗ್ಗೆ ನಡೆದ ಸ್ಲೈಡ್ ಉಪನ್ಯಾಸದ ವರದಿ ಇವತ್ತು ನಿಮ್ಮ ಪೇಪರಲ್ಲಿ ನೋಡಿ ಕಾಫಿ ಗಂಟಲಲ್ಲಿ ಇಳೀಲಿಲ್ಲ. 'ಪ್ಯಾರಿಸ್ಸಿನ ಸ್ತಂಭ ಕೆಡವಿ ಸ್ವಿಟ್ಜರ್ಲೆಂಡಿಗೆ ಓಡಿದ ಚಿತ್ರಕಾರ' ಅಂತೆ. ನಿಮ್ಮ ವರದಿಗಾರರು ಶಾಲು ಹೊದಿಸೋ ತನಕ ಇದ್ದು, ಫೋಟೋ ತಗೊಂಡು, ಉಪ್ಪಿಟ್ಟು ತಿಂದು ಹೋದ್ರು, ಕೊನೆ ತನಕ ಕೂತಿದ್ದೋನು ನಾನು.

ಐದೂವರೆ ಅಂತ ಇನ್ವಿಟೇಶನ್‌ನಲ್ಲಿತ್ತು. ಮಂಡಿನೋವು ಇಟ್ಕೊಂಡು ಎರಡು ಬಸ್ ಬದಲಾಯಿಸಿ ಐದು ಇಪ್ಪತ್ತಕ್ಕೇ ಹೋದ್ರೆ ಉದ್ಘಾಟನೆ ಸಾಹೇಬ್ರು ಬಂದಿದ್ದು ಆರೂಮುಕ್ಕಾಲಿಗೆ, ಬಂದವರು ಮುಕ್ಕಾಲು ಗಂಟೆ ತಮ್ಮ ಫಾರಿನ್ ಟೂರ್ ಕಥೆ ಹೇಳಿದ್ರು, ಕೂರ್ಬೆ ಹೆಸರು ಎರಡು ಸಲ ತಗೊಂಡ್ರು, ಎರಡು ಸಲಾನೂ ಬೇರೆ ಬೇರೆ ಥರ. ಸರ್ಕಾರ ಕೊಟ್ಟ ಪದಕವನ್ನೇ 1870ರಲ್ಲಿ ಬೇಡ ಅಂದ ಮನುಷ್ಯನ ಹೆಸರಲ್ಲಿ ಶಾಲು ಬೇರೆ. ಉಪನ್ಯಾಸಕಿ ಪಾಪ ಶುರು ಮಾಡಿ ಹದಿನೈದು ನಿಮಿಷಕ್ಕೆ ವಾಚ್‌ಮನ್ ಬಂದು ಫ್ಯಾನ್ ಆರಿಸಿದ.

'ಓರ್ನಾನ್‌ನಲ್ಲಿ ಶವಸಂಸ್ಕಾರ' ಚಿತ್ರ 10 ಅಡಿ ಎತ್ತರ, 20 ಅಡಿಗೂ ಮೀರಿದ ಉದ್ದ. ದೊಡ್ಡೋರಿಗೆ ಮೀಸಲಿದ್ದ ಸೈಜಲ್ಲಿ ತನ್ನೂರಿನ ಜನಗಳನ್ನ ಬರೆದ ಅಂತಲೇ ಅವನು ಬೈಸ್ಕೊಂಡಿದ್ದು. ಅದನ್ನ ಇವರು ಟವೆಲ್ ಸೈಜಿಗೆ ತೋರಿಸಿದ್ರು! ತೋಡಿದ ಗುಂಡಿ ಕಾಣಿಸ್ತು, ಕೆಂಪು ನಿಲುವಂಗಿಯವರ ಕೆಂಪು ಮೂಗು ಹೆಂಗೋ ಕಾಣಿಸ್ತು, ಮುಂದಿರೋ ಬಿಳಿ ನಾಯಿ ಮಾತ್ರ ಪರದೆಯ ಮಡಿಕೆ ಒಳಗೆ ಹೋಗಿಬಿಟ್ಟಿತ್ತು.

ಇನ್ನು ಸ್ತಂಭ. ಪ್ಯಾರಿಸ್ಸಲ್ಲಿದ್ದ ನೆಪೋಲಿಯನ್ನನ ವಿಜಯಸ್ತಂಭ, ವಾಂದೋಮ್ ಸ್ತಂಭ, ಬಿಚ್ಚಿಸಿ ಅಂತ 1870ರಲ್ಲಿ ಅರ್ಜಿ ಕೊಟ್ಟಿದ್ದು ಅವನೇ, ನಿಜ. ಆದ್ರೆ ಕೆಡವೋಣ ಅಂತ ಕಮ್ಯೂನ್, ಅಂದ್ರೆ ಆಗ ಪ್ಯಾರಿಸ್ ಹಿಡಿದಿದ್ದ ಬಂಡಾಯ ಸರ್ಕಾರ, ತೀರ್ಮಾನ ಮಾಡಿದ್ದು 1871ರ ಏಪ್ರಿಲ್ 12ಕ್ಕೆ, ಇವನು ಅದಕ್ಕೆ ಆರಿಸಿ ಬಂದಿದ್ದೇ ಅದಾದಮೇಲೆ. ಕಮ್ಯೂನ್ ಬಿದ್ದ ಮೇಲೆ ಅವನಿಗೆ ಆರು ತಿಂಗಳು ಜೈಲು, 500 ಫ್ರಾಂಕ್ ದಂಡ ಹಾಕಿದ್ರು, ಅಷ್ಟಕ್ಕೇ ಬಿಟ್ರಾ? 1873ರಲ್ಲಿ ಫ್ರಾನ್ಸಿನ ಅಧ್ಯಕ್ಷರು ಬದಲಾಗಿ, ಸ್ತಂಭ ಮತ್ತೆ ಕಟ್ಟೋ ಖರ್ಚೂ ನಿನ್ನದೇ ಅಂದ್ರು, ಅದಕ್ಕೆ ಊರು ಬಿಟ್ಟ. ಬಿಲ್ ಎಷ್ಟು ಗೊತ್ತಾ, 3,23,091 ಫ್ರಾಂಕ್! ವರ್ಷಕ್ಕೆ 10,000ದಂತೆ 33 ವರ್ಷ ಕಂತು. ಮೊದಲ ಕಂತಿನ ಹಿಂದಿನ ದಿನ, 1877ರ ಡಿಸೆಂಬರ್ 31ಕ್ಕೆ, ಸತ್ತೇಹೋದ.

ಈ ಥರದ ಬಿಲ್ ನನಗೂ ಗೊತ್ತು. ನಾಲ್ಕು ವರ್ಷದ ಹಿಂದೆ ನನ್ನ ಖಾಲಿ ಸೈಟಿಗೆ ನೀರಿನ ಬಿಲ್ ಬಂತು, ನಲ್ಲೀನೇ ಇಲ್ವಲ್ಲ ಸ್ವಾಮಿ ಅಂದ್ರೆ ಮೊದಲು ದುಡ್ಡು ಕಟ್ಟಿ ಆಮೇಲೆ ಅರ್ಜಿ ಕೊಡಿ ಅಂದ್ರು, ಆ ಅರ್ಜಿ ಇನ್ನೂ 'ಪ್ರೊಸೆಸ್‌ನಲ್ಲಿದೆ'. ಹಾಲ್ ಟಾಯ್ಲೆಟ್‌ಗೆ ಬೀಗ ಹಾಕೋ ಪುಣ್ಯಾತ್ಮರೂ ಅವರ ಪೈಕಿಯೇ ಇರ್ಬೇಕು.

ನೀವು ತಿದ್ದುಪಡಿ ಹಾಕಿ, ಹಾಲಿಗೆ ಒಂದು ನೆಟ್ಟಗಿರೋ ಪರದೆ ಹಾಕಿಸಿ, ಇಲ್ಲಾ ಸಾಹೇಬ್ರನ್ನ ಕರೆಯೋದಾದ್ರೂ ಬಿಡಿ, ಯಾರಿಗೆ ಹೇಳ್ತಿದ್ದೀನೋ ನನಗೇ ತಿಳೀತಿಲ್ಲ, ಯಾರಾದ್ರೂ ಏನಾದ್ರೂ ಮಾಡಿ. ವಾಪಸ್ ಬರೋಕೆ ಆಟೋದವನು 180 ಕಿತ್ಕೊಂಡ, ಚಿಲ್ಲರೇನೂ ಕೊಡ್ಲಿಲ್ಲ.

ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು